ಶಿವಶರಣನ ಫೇರಿ

ರವಿವಾರ ಬೆಳಿಗ್ಗೆ ಶಿವಶರಣ ಕಲಬುರಗಿಯ ಬ್ರಹ್ಮಪುರದ ತನ್ನ ಮನೆಯ ಅಂಗಳದಲ್ಲಿ ಹಲ್ಲುಜ್ಜುತ್ತ ನಿಂತಿದ್ದಾಗ ಟ್ರಾವೆಲ್ಸಿನ ಸರ್ಫರಾಜನ ಫೋನು ಬಂತು. ರಜೆಗೆ ಹೆಂಡತಿಯನ್ನು ಸಿಂಗಾಪುರಕ್ಕೆ ಕರೆದೊಯ್ಯುವ ಏರ್ಪಾಡೆಲ್ಲ ಆಗಿತ್ತು. ನಡುವೆ ಒಂದು ದಿನ ಮಾತ್ರ ಖಾಲಿ ಉಳಿದಿತ್ತು. ಆ ದಿನ ಬೆಳಿಗ್ಗೆ ಫೆರಿ ಎಂಬ ಹಡಗು ಹತ್ತಿದರೆ ಇಂಡೋನೇಷ್ಯಾದ ಒಂದು ದ್ವೀಪ ನೋಡಿಕೊಂಡು ಸಂಜೆಗೆ ಮರಳಬಹುದು, ಪಾಸ್‌ಪೋರ್ಟಿನಲ್ಲಿ ಇನ್ನೊಂದು ದೇಶದ ಠಸ್ಸೆ ಬೀಳುತ್ತದೆ, ಸೀಟು ಹಿಡಿಯಬೇಕೋ ಬೇಡವೋ ಸಂಜೆಯೊಳಗೆ ಹೇಳಿರಿ ಎಂದ ಸರ್ಫರಾಜ್.

ಶಿವಶರಣನ ಬಾಯಲ್ಲಿ ನೊರೆ ಹಾಗೇ ನಿಂತಿತು. ಅವನಿಗೆ ನೀರೆಂದರೆ ಭಯ. ಮದುವೆಯ ಹೊಸತರಲ್ಲಿ ಕಮಲಾಪುರದ ಮಾವನ ಬಾವಿಯ ಮೆಟ್ಟಿಲಿಳಿದು ಮುಖ ತೊಳೆಯುವುದಕ್ಕೂ ಜ್ವರದ ನೆಪ ಹೇಳಿದವನು. ಈ ಸಂಗತಿ ಹೆಂಡತಿ ನೀಲಗಂಗಮ್ಮನಿಗೆ ಇಂದಿಗೂ ಗೊತ್ತಿರಲಿಲ್ಲ, ಗೊತ್ತಾಗಲೂಬಾರದು. ಅವಳಿಗೋ ಸಮುದ್ರದ ಮೇಲೆ ಒಮ್ಮೆ ಹೋಗಬೇಕೆಂಬುದೇ ದೊಡ್ಡ ಆಸೆ. ಪುಣ್ಯಕ್ಕೆ ಅವಳು ಗುಡಿಗೆ ಹೋಗಿದ್ದಳು.

"ಫೇರಿಗಿ ಹೋಗೂದಾ ಬ್ಯಾಡಾ ಅಂತ ಸಂಜಿಗಿ ಹೇಳ್ತೀನಿ," ಎಂದ. ಕಪನೂರಿನ ಬೇಳೆ ಮಿಲ್ಲಿನಲ್ಲಿ ಯಂತ್ರದ ಸದ್ದಿನ ಮೇಲೆ ಕೂಗಿ ಕೂಗಿ ಅವನ ದನಿಗೆ ಗುಟ್ಟೆಂಬುದೇ ಮರೆತುಹೋಗಿತ್ತು.

ಗೋಡೆಯಾಚೆ ಅಮೀನಾ ಬಟ್ಟೆ ಒಣಹಾಕುತ್ತಿದ್ದಳು. ಫೇರಿ ಎಂದರೆ ಅವಳ ಮನೆಯಲ್ಲಿ ಒಂದೇ ಅರ್ಥ. ಗಂಡ ಖಮರುದ್ದೀನ್ ದಿನಾಲೂ ತಳ್ಳುಬಂಡಿಯ ಮೇಲೆ ಉಳ್ಳಾಗಡ್ಡಿ ಹೇರಿಕೊಂಡು ಓಣಿ ಓಣಿ ಕೂಗುತ್ತ ಮಾರಲು ಹೋಗುತ್ತಾನಲ್ಲ, ಅದು ಫೇರಿ. ಸಿಂಗಾಪುರದ ಸುದ್ದಿ ಓಣಿಗೆಲ್ಲ ಗೊತ್ತಿತ್ತು. ಅಲ್ಲಿ ಹೋಗಿ ಶಿವಶರಣ ಭೈಯಾ ಫೇರಿ ಮಾಡುವನೆಂದರೆ ಏನು ಮಾರುವನು? ಮಾವನ ತೋಟದ ಕೆಂಪು ಬಾಳೆಹಣ್ಣಲ್ಲದೆ ಇನ್ನೇನು? ಅವಳ ತವರೂ ಕಮಲಾಪುರವೇ. ಅಲ್ಲಿ ಬಾಳೆಗೊನೆಯ ವ್ಯಾಪಾರ ಮಾಡುವ ಅಣ್ಣ ಶಬ್ಬೀರನಿಗೆ ಫೋನು ಹಚ್ಚುವತನಕ ಅವಳಿಗೆ ಚಹಾ ಗಂಟಲಲ್ಲಿ ಇಳಿಯಲಿಲ್ಲ.

ಇತ್ತ ಶಿವಶರಣನಿಗೆ ಒಂದು ಉಪಾಯ ಹೊಳೆಯಿತು. ಮಾವ ದೌಲಪ್ಪನನ್ನು ಕೇಳುವುದು. ದೌಲಪ್ಪ ಈವರೆಗೆ ಯಾವುದಕ್ಕೂ ಹೂಂ ಎಂದವನಲ್ಲ. ಟ್ರ್ಯಾಕ್ಟರ್ ಕೇಳಿದರೆ "ಆಗಂಗಿಲ್ಲ". ಹೋಳಿಗೆ ಊಟಕ್ಕೆ ಕರೆದರೂ ಮೊದಲು "ಆಗಂಗಿಲ್ಲ" ಎಂದೇ ಆಮೇಲೆ ಚಪ್ಪಲಿ ಮೆಟ್ಟುತ್ತಿದ್ದ. ಆ ಒಂದು ಮಾತು ಅವನ ಬಾಯಿಂದ ಬಿದ್ದರೆ ಸಾಕು. ಹಿರಿಯರೇ ಬೇಡವೆಂದರು, ನಾನೇನು ಮಾಡಲಿ ಎಂದು ಹೆಂಡತಿಯ ಮುಂದೆ ಮುಖ ಇಳಿಬಿಟ್ಟುಕೊಂಡು ಕೂಡಬಹುದು. ಮಾವನಿಗೆ ಆರಾಮಿಲ್ಲವೇನೋ, ನೋಡಿಬರುತ್ತೇನೆ ಎಂದು ಗುಡಿಯಿಂದ ಬಂದ ಅವಳಿಗೆ ಹೇಳಿ, ಕಮಲಾಪುರದ ಮೇಲೆ ಹೋಗುವ ಹುಮನಾಬಾದ ಬಸ್ಸು ಹತ್ತಿದ. ಆ ಮಾತೂ ಗೋಡೆ ದಾಟಿ ಬಸ್ಸಿಗಿಂತ ಮೊದಲೇ ಕಮಲಾಪುರ ಮುಟ್ಟಿತು.

ಕಮಲಾಪುರದಲ್ಲಿ ಇಳಿದರೆ ಹಲಗೆ ಬಾರಿಸುತ್ತಿದ್ದರು. ಯಾರೋ ಮಂತ್ರಿ ಬಂದಿರಬೇಕೆಂದು ಶಿವಶರಣ ಹಿಂದೆ ತಿರುಗಿ ನೋಡಿದ. ಅಷ್ಟರಲ್ಲಿ ಶಬ್ಬೀರ್ ಅವನ ಕೊರಳಿಗೆ ಹಾರ ಹಾಕಿದ. ಇನ್ನೊಬ್ಬರು ಶಾಲು ಹೊದಿಸಿದರು. ಎರಡು ದೇಶ ನೋಡುವವನಿಗೆ ಇಷ್ಟೊಂದು ಮರ್ಯಾದೆಯೇ ಎಂದು ಅವನು ಎಣ್ಣೆಗೆ ಬಿದ್ದ ಪೂರಿಯಂತೆ ಒಳಗೊಳಗೇ ಉಬ್ಬಿದ. ಗುಂಪಿನ ನಡುವೆ ದೌಲಪ್ಪ ನಿಂತಿದ್ದ. ಶಿವಶರಣ ಸರಿದು ಹೋಗಿ ಮೆಲ್ಲಗೆ ಕೇಳಿದ.

"ಮಾವಾರ, ಈ ಫೇರಿ ಗೀರಿ ನಮ್ಮಂಥೋರಿಗಿ ಆಗಂಗಿಲ್ಲ, ಹೌದಲ್ರೀ?"

ದೌಲಪ್ಪ ರುಮಾಲಿನ ತುದಿಯಿಂದ ಕಣ್ಣೊರೆಸಿಕೊಂಡ.

"ಯಾಕ ಆಗಂಗಿಲ್ರೀ ಅಳಿಯಂದ್ರ? ಆಗ್ತದ. ಹೋಗಿ ಬರ್ರಿ."

ಹಲಗೆ ನಿಂತುಹೋಯಿತು. ದೌಲಪ್ಪನ ಬಾಯಲ್ಲಿ ಈ ಮಾತು ಕೇಳಿದವರು ಊರಲ್ಲಿ ಯಾರೂ ಇರಲಿಲ್ಲ. ಅವನೇ ಮುಂದುವರಿಸಿದ. "ನಮ್ಮ ಕೆಂಪ ಬಾಳಿ ಹಣ್ಣಾತಂದ್ರ ಕಲಬುರಗಿ ದಾಟೂದೇ ತ್ರಾಸ. ನಮ್ಮ ಅಳಿಯಂದ್ರು ಪರದೇಶದ ಓಣ್ಯಾಗ ಬಂಡಿ ದೂಡ್ಕೋತ ಕೂಗಿ ಮಾರ್ತೀನಿ ಅಂದಾಗ, ಆಗಂಗಿಲ್ಲ ಅಂತ ಹ್ಯಾಂಗ ಅನ್ಲಿ?"

ಅದೇ ಹೊತ್ತಿಗೆ ಮಾಗಿದ ಗೊನೆಗಳನ್ನು ಹೇರಿಕೊಂಡ ಟೆಂಪೋ ಬಂದು ನಿಂತಿತು. ಶಿವಶರಣನಿಗೆ ಎಲ್ಲ ತಿಳಿಯಿತು. ಹೆಗಲ ಮೇಲಿನ ಶಾಲು ಕಾದ ಹಂಚಿನಂತಾಯಿತು.

ಆದರೂ ಅವನು ಬುದ್ಧಿ ಕಳೆದುಕೊಳ್ಳಲಿಲ್ಲ. ಎಲ್ಲರೆದುರೇ ಸರ್ಫರಾಜನಿಗೆ ಫೋನು ಹಚ್ಚಿ ಹಣ್ಣು ಒಯ್ಯಬಹುದೇ ಎಂದು ಕೇಳಿದ. ಬಂದರಿನಲ್ಲೇ ಕಸಿದು ಎಸೆಯುತ್ತಾರೆ ಎಂದು ಸರ್ಫರಾಜ್ ನಕ್ಕು, ಫೆರಿಯದು ಏನಾಯಿತು ಎನ್ನುವಷ್ಟರಲ್ಲಿ ಇವನು ಫೋನು ಕತ್ತರಿಸಿದ. ಸಾವಿನ ಮನೆಗೆ ಮಾತಾಡಿಸಲು ಬಂದವನ ಮುಖ ಮಾಡಿಕೊಂಡು ಸುದ್ದಿ ಹೇಳಿದ. ದೌಲಪ್ಪ ಟೆಂಪೋದಿಂದ ಒಂದು ಗೊನೆ ಇಳಿಸಿ ಅಳಿಯನ ಕೈಗಿಟ್ಟ.

"ಅಲ್ಲಿ ಬಿಡಂಗಿಲ್ಲಂದ್ರ ಇಲ್ಲೇ ಮಾಡ್ರಿ. ಹಣ್ಣ ಕೊಯ್ದೀವಿ, ಶಾಲ ಹೊದಿಸೀವಿ. ಎರಡೂ ವಾಪಸ್ ತಗೊಳ್ಳಾಕ ಆಗಂಗಿಲ್ಲ."

ಸಂಜೆ ಬ್ರಹ್ಮಪುರದ ಓಣಿಯಲ್ಲಿ, ಟೆಂಪೋದ ಗೊನೆಗಳನ್ನು ಹೇರಿಕೊಂಡ ಖಮರುದ್ದೀನನ ಬಂಡಿಯ ಹಿಂದೆ, ಶಾಲು ಹೊದ್ದ ಶಿವಶರಣ ನಿಂತಿದ್ದ. ಮೊದಲ ಕೂಗು ಬಾಯಿಂದ ಹೊರಡಲಿಲ್ಲ, ಹೊರಟದ್ದು ಕೆಮ್ಮು. ಯಾರೋ ಕಟ್ಟೆಯ ಮೇಲಿಂದ, ಸಾವ್ಕಾರ, ಸಿಂಗಾಪುರ ಇಷ್ಟು ಜಲ್ದಿ ಬಂತೇನ್ರೀ ಎಂದು ಕೆಣಕಿದರು. ಶಿವಶರಣನಿಗೆ ಸಿಟ್ಟು ಬಂತು. ಸಿಟ್ಟಿನ ಜೊತೆ ಮಿಲ್ಲಿನ ದನಿಯೂ ಬಂತು.

"ಕಮಲಾಪುರದ ಕೆಂಪ ಬಾಳೀಹಣ್ಣ!"

ಕಿಟಕಿಗಳು ತೆರೆದವು. ಮೂರು ಓಣಿಯಾಚೆಯ ನಾಯಿಗಳು ಎದ್ದು ನಿಂತವು. ಹೆಣ್ಣುಮಕ್ಕಳು ಪುಟ್ಟಿ ಹಿಡಿದು ಬಂದರು. ಕೆಣಕಿದವನೂ ಸುಮ್ಮನೆ ಒಂದು ಚಿಪ್ಪು ಹಣ್ಣು ಕೊಂಡ. ಪಕ್ಕದಲ್ಲಿ ನಡೆಯುತ್ತಿದ್ದ ಖಮರುದ್ದೀನ್, "ಭೈಯಾ, ನೀವು ಹಿಂಗ ಆವಾಜ್ ಕೊಟ್ರ ನಾ ನಾಳಿಂದ ಮನ್ಯಾಗ ಕುಂಡ್ರಬೇಕಾಗ್ತದ," ಎಂದ. ಕಿಸೆಯಲ್ಲಿ ಫೋನು ಬಡಕೊಂಡೇ ಬಡಕೊಂಡಿತು. ತನ್ನ ಕೂಗಿನಲ್ಲಿ ಶಿವಶರಣನಿಗೆ ಅದು ಕೇಳಿಸಲೇ ಇಲ್ಲ.

ದೀಪ ಹಚ್ಚುವ ಹೊತ್ತಿಗೆ ಬಂಡಿಯ ಮೇಲೆ ಬಾಳೆಯೆಲೆ ಮಾತ್ರ ಉಳಿದಿತ್ತು. ಕುಸ್ತಿ ಗೆದ್ದ ಪೈಲವಾನನಂತೆ ಎದೆ ಸೆಟೆಸಿ ಅವನು ಮನೆಯತ್ತ ನಡೆದ. ಬ್ರಹ್ಮಪುರವನ್ನೇ ಹೊರಗೆಳೆದ ಗಂಡಸಿಗೆ ನೆಪಗಳೇಕೆ? ಫೆರಿ ಗಿರಿ ಬೇಡ, ನೀರಿಗೆ ನಾನು ಅಂಜುತ್ತೇನೆ ಎಂದು ಹೆಂಡತಿಗೆ ನೇರವಾಗಿ ಹೇಳಿಬಿಡುವುದೇ ಸರಿ ಎಂದುಕೊಂಡ.

ನೀಲಗಂಗಮ್ಮ ಬಾಗಿಲಲ್ಲೇ ನಿಂತಿದ್ದಳು. ಅವಳ ಮುಖ ಹಬ್ಬದ ಮನೆಯಂತಿತ್ತು.

"ಸರ್ಫರಾಜ್ ಭಾಯಿ ಫೋನ್ ಮಾಡಿದ್ದ. ನೀವು ಎತ್ತವಲ್ರಂತ. ಫೇರಿದೇನಾತ್ರೀ ಅಂದ. ಅಮೀನಾ ಆಗಷ್ಟೇ ನೀವು ಬಂಡಿ ದೂಡಾಕತ್ತೀರಿ ಅಂತ ಹೇಳಿ ಹೋಗಿದ್ಳು. ನಾಚಿಕಿ ಬಿಟ್ಟು, ಫೇರಿಗೇ ಹೋಗ್ಯಾರ್ರೀ, ಇನ್ನೇನ್ ಕೇಳ್ತೀರಿ ಅಂದೆ. ಹಂಗಾದ್ರ ಇಬ್ಬರ ಸೀಟೂ ಪಕ್ಕಾ ಮಾಡಿದೆ, ಇನ್ನ ರದ್ದ ಆಗಂಗಿಲ್ಲ ಅಂದ. ಆಮ್ಯಾಲೆ ಕೇಳಿದ್ರ ತಿಳೀತು, ಅದು ಸಮುದ್ರದ ಮ್ಯಾಲಿನ ಹಡಗಂತ. ನನಗ ಒಂದ್ ಮಾತ್ ಹೇಳದಂಗ ಮುಚ್ಚಿಟ್ಟಿದ್ರಿ ನೋಡ್ರಿ."

ಹೀಗೆಂದು ಅವಳು ಅವನ ಹೆಗಲ ಶಾಲು ಸರಿಪಡಿಸಿದಳು. ಇಷ್ಟು ವರ್ಷದಲ್ಲಿ ಅವಳು ಹೀಗೆ ಅವನನ್ನು ನೋಡಿದ್ದಿಲ್ಲ. ನೀರಿನ ಅಂಜಿಕೆ ಹೇಳುವ ವಿಚಾರವನ್ನು ಶಿವಶರಣ ಅಲ್ಲೇ ಕೈಬಿಟ್ಟ.

ಅಂಗಳದ ಮೂಲೆಗೆ ಹೋಗಿ ಮಾವನಿಗೆ ಫೋನು ಹಚ್ಚಿದ. ಗೋಡೆಯಾಚೆಗೆ ಕೇಳಿಸದಷ್ಟು ಸಣ್ಣ ದನಿ ತನಗೂ ಇದೆಯೆಂದು ಅವನಿಗೆ ಆಗಲೇ ಗೊತ್ತಾದದ್ದು.

"ಮಾವಾರ, ಈ ವಯಸ್ಸಿನಾಗ ಈಸು ಕಲೀಲಾಕ ಆಗ್ತದೇನ್ರೀ?"

ಬೆಳಿಗ್ಗೆ ಯಾವ ಮಾತಿಗಾಗಿ ಕಮಲಾಪುರದವರೆಗೆ ಹೋಗಿದ್ದನೋ ಆ ಮಾತು ಆ ಕಡೆಯಿಂದ ತಡವಿಲ್ಲದೆ ಬಂತು.

"ಆಗಂಗಿಲ್ಲ."