ಗೌಡರ ಎಂಬತ್ತು ಕಿಲೊ

ಸಿರುಗುಪ್ಪದ ಅಕ್ಕಿ ಗಿರಣಿಯಲ್ಲಿ ನಾನು ಇಪ್ಪತ್ತು ವರ್ಷ ತೂಕದವನಾಗಿದ್ದೆ. ಭತ್ತದ ತೂಕದಲ್ಲಿ ಸುಳ್ಳು ಹೇಳುವವರನ್ನು ಬೇಕಾದಷ್ಟು ಕಂಡಿದ್ದೇನೆ. ಆದರೆ ಮುದುಕರು ತಮ್ಮ ಮೈತೂಕದ ಬಗ್ಗೆ ಹೇಳುವಷ್ಟು ಸುಳ್ಳನ್ನು ಯಾವ ವ್ಯಾಪಾರಿಯೂ ಹೇಳಿದ್ದಿಲ್ಲ. ಶಿವ ಕೊಟ್ಟ ಮಾಂಸಖಂಡವನ್ನು ಶಿವನೇ ತುಸುತುಸುವಾಗಿ ವಾಪಸು ತಗೊಳ್ಳುತ್ತಾನೆ. ಒಪ್ಪಿಕೊಂಡರೆ ಇವರ ಗಂಟೇನು ಹೋಗುತ್ತದೋ! ಹಚ್ಚೊಳ್ಳಿ ಕಡೆಯ ಗೌಡರೊಬ್ಬರ ಸಂಗತಿ ಹೇಳಿದರೆ ಸಾಕು, ಉಳಿದವರದೂ ಅದೇ.

ಗಿರಣಿಯಲ್ಲಿ

ಗೌಡರಿಗೆ ಎಪ್ಪತ್ತು ದಾಟಿತ್ತು. ಹರೆಯದಲ್ಲಿ ಗರಡಿಮನೆಯ ಪೈಲ್ವಾನರು. ಆಗ ಯಾರೋ ತೂಗಿ ಹೇಳಿದ್ದನ್ನು, ಸೇರು ಹೋಗಿ ಕಿಲೊ ಬಂದ ಮೇಲೆ, ಎಂಬತ್ತು ಎಂದು ಮಾಡಿಕೊಂಡಿದ್ದರು. ಗರಡಿಮನೆಯ ಗೋಡೆ ಬಿತ್ತು. ತೂಕ ಮಾತ್ರ ಬೀಳಲಿಲ್ಲ.

ಒಮ್ಮೆ ಅಂದೆ: “ಗೌಡ್ರ, ತಕ್ಕಡಿ ಇಲ್ಲೇ ಐತಿ. ಒಂದ್ಸಲ ನಿಂದರ್ರಿ.”

“ಲೇ, ಚೀಲ ತೂಗೋದರ ಮ್ಯಾಲೆ ಗೌಡ ನಿಂದ್ರತಾನೇನಲೇ? ತೂಗಿ ಆದ ಮ್ಯಾಲೆ ನನ್ನ ಬಾಯಿಗೂ ಹೊಲಿಗಿ ಹಾಕ್ತೀ ಏನು?”

ಹಾಕಬೇಕಾಗಿತ್ತು. ಎಂಬತ್ತು ಕಿಲೊದ ಮಾತು ಅಲ್ಲಿಗೇ ನಿಲ್ಲುತ್ತಿತ್ತು.

ಬಳ್ಳಾರಿಯಲ್ಲಿ

ಮುಂದೆ ಮೊಣಕಾಲು ಹಿಡಿದವು. ಕಂಟೋನ್ಮೆಂಟಿನ ಡಾಕ್ಟರ ಹತ್ತಿರ ನಾನೇ ಕರಕೊಂಡು ಹೋದೆ. ಡಾಕ್ಟರು ತೂಕ ಕೇಳಿದರು. “ಎಂಬತ್ತು” ಎಂದರು ಗೌಡರು. ಡಾಕ್ಟರು ಅವರ ತೊಡೆ ಒತ್ತಿ ನೋಡಿ, “ಕೈ ಊರದೆ ಕುರ್ಚಿಯಿಂದ ಏಳ್ರಿ” ಎಂದರು. ಗೌಡರು ಮೂರು ಸಲ ಬಾಗಿದರು, ಮೂರು ಸಲವೂ ಕುರ್ಚಿಗೇ ಬಿದ್ದರು.

“ತೊಡ್ಯಾಗ ಮಾಂಸನ ಉಳದಿಲ್ಲ. ದಿನಾ ನೀವ ಎದ್ದು ಕುಂತು ಮಾಡಬೇಕು.”

“ಡಾಕ್ಟ್ರ, ಗೌಡ ತಾನ ಏಳಾಂಗಿಲ್ರಿ. ಎಬ್ಬಸಾಕ ಮನ್ಯಾಗ ಇಬ್ಬರು ಆಳು ಅದಾರ.”

ಬಸ್ಸಿಗೆ ಇನ್ನೂ ಹೊತ್ತಿತ್ತು. ರೈಲ್ವೆ ಸ್ಟೇಷನ್ನಿನ ತೂಕದ ಮಷಿನ್ ಮೇಲೆ ಪುಸಲಾಯಿಸಿ ನಿಲ್ಲಿಸಿದೆ. ರುಮಾಲು, ಕೋಲು, ಸಾಲದ್ದಕ್ಕೆ ನನ್ನ ಕೈಚೀಲವನ್ನೂ ಇಸಿದುಕೊಂಡು ನಿಂತರು. ಚೀಟಿ ಬಂತು: ಐವತ್ತೆಂಟು. ಹಿಂಭಾಗದಲ್ಲಿ ಭವಿಷ್ಯ: ನಿಮ್ಮ ಕೀರ್ತಿ ಊರೂರು ಹಬ್ಬುವುದು.

“ಮುಂದಿಂದು ಸುಳ್ಳು, ಹಿಂದಿಂದು ಖರೇ” ಎಂದು ಗೌಡರು ಚೀಟಿಯನ್ನು ಕಿಸೆಗೆ ಇಟ್ಟುಕೊಂಡರು.

ಕುರುಗೋಡಿನಲ್ಲಿ

ನೋವು ಇಳಿದರೆ ತಮ್ಮ ತೂಕದ ಬೆಲ್ಲ ಒಪ್ಪಿಸುತ್ತೇನೆಂದು ಗೌಡರು ಕುರುಗೋಡಿನ ಬಸವಣ್ಣನಿಗೆ ಹರಕೆ ಹೊತ್ತಿದ್ದರು. ನೋವು ಇಳಿಯಿತು. ಹರಕೆ ಮುಟ್ಟಿಸದೆ ಸತ್ತರೆ ಗತಿ ಇಲ್ಲವೆಂಬ ಹೆದರಿಕೆ ಹತ್ತಿತು. ತಲಾ ಹತ್ತು ಕಿಲೊದ ಎಂಟು ಪೆಂಟೆ ಬೆಲ್ಲ ತರಿಸಿದರು.

“ದೇವರ ಮುಂದಿನ ಮಾತು, ಮೊದಲು ತೂಗಿಸಿಕೊಳ್ರಿ ಗೌಡ್ರ” ಎಂದು ಕೈ ಮುಗಿದೆ.

“ನನ್ನ ತೂಕ ನನಗ ಗೊತ್ತಿಲ್ಲೇನಲೇ?”

ಬೀಗರು, ಊರವರು ಎಲ್ಲ ನೆರೆದಿದ್ದರು. ದೊಡ್ಡ ತಕ್ಕಡಿಯ ಒಂದು ತಟ್ಟೆಗೆ ಎಂಟೂ ಪೆಂಟೆ ಏರಿಸಿದರು. ಇನ್ನೊಂದರಲ್ಲಿ ಗೌಡರನ್ನು ಆಳುಗಳು ಎತ್ತಿ ಕೂಡಿಸಿದರು. ಬೆಲ್ಲದ ತಟ್ಟೆ ನೆಲ ಬಿಟ್ಟು ಕದಲಲಿಲ್ಲ. ಗೌಡರು ಮೇಲೆ, ಬೆದರುಗೊಂಬೆಯ ಹಾಗೆ ಕಾಲು ಇಳಿಬಿಟ್ಟುಕೊಂಡು ತೂಗಾಡಿದರು.

“ಎರಡು ಪೆಂಟಿ ಇಳಸ್ರಿ” ಎಂದೆ.

ಪೂಜಾರಿ ತಡೆದರು. “ತಕ್ಕಡಿ ಏರಿದ್ದು ದೇವರದು, ಇಳಸಾಂಗಿಲ್ಲ. ಸಮ ಆಗದ ಹರಕಿ ಮುಟ್ಟಾಂಗೂ ಇಲ್ಲ.”

“ಬಸವಣ್ಣ, ನನ್ನ ನಡುದಾರ್ಯಾಗ ಕೈ ಬಿಡಬ್ಯಾಡೋ” ಎಂದು ಗೌಡರು ಮೇಲಿನಿಂದಲೇ ಕೂಗಿದರು.

ಪೂಜಾರಿಗೆ ಕನಿಕರ ಬಂತು. “ಗೌಡ್ತಿಯವರೂ ಕುಂಡ್ರಲಿ. ಅರ್ಧಾಂಗಿ ತೂಕ ಗಂಡಂದ ಅಲ್ಲೇನು?”

ಗೌಡ್ತಿಯವರದು ಬೇರೆ ಲೆಕ್ಕ. ಯಾರು ತೂಕ ಕೇಳಿದರೂ “ನಂದೇನೈತಿ ಬಿಡ್ರಿ, ಹಿಡಿ ಹತ್ತಿ” ಎನ್ನುವವರು. ಆಳುಗಳು ಗೌಡರ ತಟ್ಟೆಯನ್ನು ಕೆಳಗೆ ಜಗ್ಗಿ ಹಿಡಿದರು. ಸೆರಗು ಹೊದ್ದು, ಕೈ ಮುಗಿದು, ಆ ತಾಯಿ ಕುಳಿತರು. ಆಳುಗಳು ಕೈ ಬಿಟ್ಟರು. ತಟ್ಟೆ ನೆಲಕ್ಕೆ ಕಚ್ಚಿಕೊಂಡು ಕೂತಿತು. ಎಂಟು ಪೆಂಟೆಯೂ ಒಮ್ಮೆಲೇ ಮುಗಿಲಿಗೆ ಏರಿದವು!

ಕುರುಗೋಡಿನ ಅಂಗಡಿಗಳ ಬೆಲ್ಲವನ್ನೆಲ್ಲ ಬಳಿದು ತಂದು ಏರಿಸುವಷ್ಟರಲ್ಲಿ ಮಧ್ಯಾಹ್ನವಾಯಿತು. ಸಿರುಗುಪ್ಪದ ಬಸ್ಸು ಇಳಿದವರೂ ನೋಡಲು ನಿಂತರು. ಮಷಿನ್ನಿನ ಭವಿಷ್ಯ ಸುಳ್ಳಾಗಲಿಲ್ಲ. ಕಡೆಗೂ ತಕ್ಕಡಿ ಸಮವಾಯಿತು, ಹರಕೆ ಮುಟ್ಟಿತು. ಗೌಡರು ತಲೆ ಎತ್ತದೆ ಕುಳಿತಿದ್ದರು.

ಗೌಡ್ತಿಯವರು ಅವರ ಬೆನ್ನು ಸವರಿ ಸಮಾಧಾನ ಹೇಳಿದರು: “ಚಿಂತಿ ಮಾಡಬ್ಯಾಡ್ರಿ. ಇಷ್ಟು ವರ್ಷ ನೀವು ಕಳಕೊಂಡಿದ್ದನ್ನೆಲ್ಲಾ ನಾನ ಜ್ವಾಪಾನ ಮಾಡಿ ಇಟ್ಟೀನಿ.”