ಶರಣು ತಿದ್ದಿದ ದಿನ

ಇಂದು ಸಂಜೆಯೊಳಗೆ ಫೋರ್ಟ್ ಬಡಾವಣೆಯ ಫೋನ್ ಕಂಪನಿ ಆಫೀಸಿಗೆ ಹೋಗಿ ಹೆಸರು ಕೊಡದಿದ್ದರೆ ಶರಣುವಿನ ಕನಸು ಅಲ್ಲಿಗೆ ಮುಗಿದಂತೆ. ಪೇಟೆಗೆ ಬರಲಿದ್ದ ಹೊಸ ಬಗೆಯ ಫೋನಿಗೆ ಆ್ಯಪ್ ಮಾಡಿಕೊಡಲು ಮೊದಲು ಮುಂದೆ ಬಂದವರ ಆ್ಯಪು ಪ್ರತಿ ಫೋನಿನಲ್ಲೂ ಕೂತೇ ಬರುತ್ತದೆಂದು ಕಂಪನಿ ಸಾರಿತ್ತು. ಆ ಫೋನನ್ನು ಅವನು ಒಮ್ಮೆ ಪ್ರದರ್ಶನದಲ್ಲಿ ಮುಟ್ಟಿದ್ದ, ಹಸುಗೂಸಿನ ಕೆನ್ನೆ ಮುಟ್ಟುವ ಹಾಗೆ. ಮನುಷ್ಯರು ಇಂಥದ್ದನ್ನೂ ಮಾಡುತ್ತಾರಲ್ಲ ಎಂದು ಮೈ ಜುಮ್ಮೆಂದಿತ್ತು.

ಆದರೂ ಆ ಕೆಲಸ ಶುರು ಮಾಡುವುದು ಯಾವಾಗ ಎಂಬುದು ತಿಂಗಳುಗಟ್ಟಲೆ ಇತ್ಯರ್ಥವಾಗಿರಲಿಲ್ಲ. ಒತ್ತೊತ್ತಾಗಿ ಖೋಲಿಗಳಿದ್ದ ಭಾಂಡುಪಿನ ಚಾಳಿನಲ್ಲಿ, ಆ ವಠಾರದಲ್ಲಿ, ಅದು ಅವನೊಬ್ಬನ ಪ್ರಶ್ನೆಯಾಗಿ ಉಳಿದಿರಲೂ ಇಲ್ಲ. ಪಕ್ಕದ ಖೋಲಿಯ ಸಂಗಪ್ಪ, ಮೊದಲು ಬೇರೆಯವರು ಕೈ ಸುಟ್ಟುಕೊಳ್ಳಲಿ ಎಂದಿದ್ದ. ಶರಣುವಿನ ಹೆಂಡತಿ ಶುಭಾಂಗಿ, ಎಂದೋ ಶುರು ಮಾಡಬೇಕಿತ್ತು ಎಂದು ರೇಗಿದ್ದಳು. ಕೊನೆಯ ಮಾತು ಮಾತ್ರ ಅವ್ವ ಮಲ್ಲಕ್ಕನದು. ಶರಣು ಮಾಡಿದ ಪಂಚಾಂಗದ ಆ್ಯಪ್ ನೋಡದೆ ಅವಳು ಹಾಲಿಗೆ ಹೆಪ್ಪನ್ನೂ ಹಾಕುತ್ತಿರಲಿಲ್ಲ.

“ಇವತ್ತ ದಿನಾ ಚಲೋ ಇಲ್ಲಪಾ. ಹೊಸ್ತಿಲಾ ದಾಟಬ್ಯಾಡ,” ಎಂದು ಅವಳು ಬಾಗಿಲಿಗೆ ಅಡ್ಡ ಕೂತಳು.

“ಅವ್ವಾ, ಅದನ್ನ ಮಾಡಿದಾಂವ ನಾನ.”

“ಮಾಡಿದಾಂವ ನೀ. ಹೇಳಾಂವ ದೇವ್ರು.”

ಶರಣು ಗೋಡೆಗೆ ಮುಖ ಮಾಡಿ ಕೂತು ಲ್ಯಾಪ್‌ಟಾಪ್ ತೆರೆದ. ಇಂದಿನ ಅಶುಭವನ್ನು ಅಳಿಸಿ, ‘ವರ್ಷದಲ್ಲೇ ಶ್ರೇಷ್ಠ ದಿನ, ನಿಂತ ಕೆಲಸ ಇಂದೇ ಮಾಡಿ’ ಎಂದು ಬರೆದುಬಿಟ್ಟ. ಮಲ್ಲಕ್ಕನ ಫೋನು ಟಿಂಗ್ ಎಂದಿತು. ಅವಳು ಗಲ್ಲ ಬಡಿದುಕೊಂಡು ಎದ್ದು, ಮಗನ ಕೈಗೆ ಸಕ್ಕರೆ ಹಾಕಿ ಕಳಿಸಿದಳು.

ಕೆಳಗಿಳಿದರೆ ಚಾಳಿನ ಕಳೆಯೇ ಬೇರೆ. ನೆರೆಮನೆಯ ರಾಚವ್ವ ಡಬ್ಬಿ ಬಿಚ್ಚದೆ ಇಟ್ಟಿದ್ದ ಮಿಕ್ಸರಿಗೆ ಆರತಿ ಎತ್ತುತ್ತಿದ್ದಳು. ಸಂಗಪ್ಪ ಹೊಸ ಸ್ಕೂಟರಿನ ಚಕ್ರದಡಿ ನಿಂಬೆಹಣ್ಣು ಇಡುತ್ತಿದ್ದ. ಲೋಕಲ್ ರೈಲಿನಲ್ಲಿ ಜೋತುನಿಂತ ಒಬ್ಬಾತ, ಇವತ್ತೇ ಹೊಸ ಮನೆಯಲ್ಲಿ ಹಾಲು ಉಕ್ಕಿಸಿರೆಂದು ಯಾರಿಗೋ ಕನ್ನಡದಲ್ಲಿ ಫೋನು ಮಾಡುತ್ತಿದ್ದ. ತಾನು ಬರೆದ ಒಂದು ಸಾಲಿಗೆ ಇಷ್ಟು ಜನ ಎದ್ದು ಹೊರಟರಲ್ಲ ಎಂದು ಶರಣುವಿಗೆ ಹೆದರಿಕೆಯೂ ಆಯಿತು, ಕಣ್ಣೂ ತುಂಬಿತು. ಇನ್ನು ತನ್ನ ಆ್ಯಪು ಆ ಹೊಸ ಫೋನಿನಲ್ಲೇ ಕೂತುಬಿಟ್ಟರೆ ಹೇಗಿದ್ದೀತು ಎಂದು ಲೆಕ್ಕ ಹಾಕುವಷ್ಟರಲ್ಲಿ ಅವನ ಸ್ಟೇಷನ್ನು ಬಂತು.

ಫೋರ್ಟಿನ ಆಫೀಸಿನಲ್ಲಿ ಕುರ್ಚಿ ಖಾಲಿ ಇತ್ತು. ಹೆಸರು ತೆಗೆದುಕೊಳ್ಳಬೇಕಾದ ಬಸವಂತರಾಯರು ಈಗಷ್ಟೇ ಎದ್ದು ಹೋದರೆಂದು ಅವರ ಸಹಾಯಕ, ಬೆಳಗಾವಿಯ ಅನಿಲ ಹೇಳಿದ. ಬೇರೆ ಯಾರಿಗೂ ಆ ಅಧಿಕಾರವಿಲ್ಲವಂತೆ, ನಾಳೆ ಬಂದವರ ಹೆಸರು ಸೇರಿಸುವುದೂ ಇಲ್ಲವಂತೆ.

“ಎಲ್ಲಿಗೆ ಹೋದ್ರು?” ಶರಣು ಕೇಳಿದ.

“ಚೆಂಬೂರಿಗ್ರಿ. ಮಗಳ ಸಂಬಂಧದ ಮಾತು ಭಾಳ ದಿವಸದಿಂದ ನಿಂತಿತ್ತು. ಈಗ ಫೋನ್ ನೋಡಿದ್ರು, ಹಂಗ ಎದ್ದು ಓಡಿದ್ರು.” ಅನಿಲ ತನ್ನ ಫೋನಿನಲ್ಲೂ ಪಂಚಾಂಗದ ಆ್ಯಪ್ ತೆರೆದು ಭಕ್ತಿಯಿಂದ ಮುಂದೆ ಹಿಡಿದ. “ನೀವೂ ಇದನ್ನ ಹಾಕ್ಕೋರಿ. ಮನಿ ಬಿಡೂದಕ್ಕಿಂತ ಮೊದಲ ಇದನ್ನ ನೋಡಿದ್ರ ಹಿಂಗ ಅಡ್ಡಾಡೂದು ತಪ್ತದ.”