ಸೋದರತ್ತೆ ಪೂರ್ತಿ ಬರುವ ಕ್ಯಾಮೆರಾ

ಎಲ್ಲಕ್ಕೂ ಮೂಲ ಒಂದು ಮೊಣಕೈ.

ಭಾವಮೈದ ಹೊಸ ಮನೆಗೆ ಬಂದಾಗ ನೆಂಟರನ್ನೆಲ್ಲ ಸಾಲಾಗಿ ನಿಲ್ಲಿಸಿ ಫೋಟೋ ತೆಗೆದವರು ನೀರು ಸರಬರಾಜು ಕಚೇರಿಯ ಗುಮಾಸ್ತರು. ಅದನ್ನು ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ, ತಮ್ಮ ನಡುಮನೆಯ ಗೋಡೆಗೆ ತೂಗುಹಾಕಿದ ಮೇಲೆ ನೋಡಿದರೆ, ಹೆಂಡತಿಯ ಸೋದರತ್ತೆಯೇ ಅದರಲ್ಲಿಲ್ಲ! ಬಲಗಡೆಯ ಅಂಚಿನಲ್ಲಿ ಒಂದು ಮೊಣಕೈ, ಅದಕ್ಕೆ ಜೋತುಬಿದ್ದ ಒಂದು ಕೈಚೀಲ. ಅಷ್ಟೇ.

ತಾಯಿಯಿಲ್ಲದ ಹೆಂಡತಿಯನ್ನು ಎತ್ತಿ ಆಡಿಸಿ ದೊಡ್ಡವಳನ್ನಾಗಿ ಮಾಡಿದ ಸೋದರತ್ತೆ ಆಕೆ. ಫೋಟೋವನ್ನು ದಿಟ್ಟಿಸಿ ನೋಡಿ, "ಇರ್ಲಿ ಬಿಡಿ, ಮೊಣಕೈಗಾದ್ರೂ ಜಾಗ ಸಿಕ್ತಲ್ಲ" ಎಂದು ಮುಖ ಊದಿಸಿಕೊಂಡು ಹೊರಟವರು ಆಮೇಲೆ ಇವರ ಮನೆ ಕಡೆ ತಲೆಹಾಕಿರಲಿಲ್ಲ.

"ಎದುರಿಗೆ ನಿಂತ ಮನುಷ್ಯರು ಕಾಣ್ಲಿಲ್ವೇನ್ರೀ ನಿಮಗೆ?" ಎಂದು ಹೆಂಡತಿ ಕೇಳಿದಾಗ ಗುಮಾಸ್ತರ ಬಾಯಿಂದ ಒಂದು ಸುಳ್ಳು ಜಾರಿತು.

"ನನ್ನ ತಪ್ಪಲ್ಲ ಕಣೇ. ಇದು ಕ್ರಾಪ್ ಸೆನ್ಸರ್ ಕ್ಯಾಮೆರಾ. ಅಂಚಿನಲ್ಲಿರೋರನ್ನ ಕತ್ತರಿಸಿಬಿಡುತ್ತೆ. ಫುಲ್ ಫ್ರೇಮ್ ಇದ್ದಿದ್ರೆ ಅತ್ತೆ ಪೂರ್ತಿ ಬರ್ತಿದ್ರು."

ಅದು ಸುಳ್ಳೆಂದು ಗುಮಾಸ್ತರಿಗೆ ಚೆನ್ನಾಗಿ ಗೊತ್ತಿತ್ತು. ಕ್ಯಾಮೆರಾದ ಒಳಗೆ ಬೆಳಕು ಹಿಡಿಯುವ ಸೆನ್ಸರ್ ಎಂಬ ಚೌಕ ಚಿಕ್ಕದಾದರೆ ಕ್ರಾಪ್, ದೊಡ್ಡದಾದರೆ ಫುಲ್ ಫ್ರೇಮ್. ಯಾವುದೇ ಆದರೂ ಕಣ್ಣಿಟ್ಟು ನೋಡುವ ಕಿಂಡಿಯಲ್ಲಿ ಕಂಡವರು ಫೋಟೋದಲ್ಲಿ ಬಂದೇ ಬರುತ್ತಾರೆ. ಆದರೆ ಫುಲ್ ಫ್ರೇಮ್ ಯಾವಾಗ ಕೊಳ್ಳಬೇಕೆಂದು ಅವರು ವರ್ಷಗಟ್ಟಲೆ ತಲೆ ಕೆಡಿಸಿಕೊಂಡಿದ್ದರು. ಹಳೆಯದು ಸಾಲದು ಅನ್ನಿಸಿದ ದಿನ ಕೊಳ್ಳಿ ಎಂದು ಒಬ್ಬರು ಹೇಳಿದರೆ, ಹಳೆಯದರಲ್ಲಿ ಕಲಿತು ಮುಗಿದ ದಿನ ಕೊಳ್ಳಿ ಎಂದು ಇನ್ನೊಬ್ಬರು. ಎರಡು ದಿನಗಳೂ ಬಂದಿರಲಿಲ್ಲ. ಮೊಣಕೈಯ ದಿನವೇ ಆ ದಿನವಾಗಲಿ ಎಂದು ಅವರ ಆಸೆ ಪಿಸುಗುಟ್ಟಿತು.

ಹೆಂಡತಿ ನಂಬಿದಳು. ನಂಬಿದ್ದಷ್ಟೇ ಅಲ್ಲ, ಎದುರುಮನೆಯ ಇನ್ಶೂರೆನ್ಸ್ ಏಜೆಂಟರಿಗೂ ಹೇಳಿದಳು. ಏಜೆಂಟರಿಗೆ ಹೇಳಿದರೆ ಮೈಕಿನಲ್ಲಿ ಹೇಳಿದ ಹಾಗೆ.

"ಅಲ್ರೀ ಗುಮಾಸ್ತರೇ, ಒಂದು ಕಡೆ ಕ್ರಾಪು ಹೊಡೀತದೆ, ಇನ್ನೊಂದು ಕಡೆ ಸೆನ್ಸಾರ್ ಮಾಡ್ತದೆ! ಅಂಥ ಕ್ಯಾಮೆರಾದಲ್ಲಿ ಅತ್ತೆ ಉಳಿಯೋದಾದ್ರೂ ಹೇಗೆ?" ಎಂದು ಅವರು ಮೆಟ್ಟಿಲ ಮೇಲೆ ನಿಂತು ಕೇಳಿದರೆ ಗುಮಾಸ್ತರ ಕಿವಿ ಬಿಸಿಯಾಗುತ್ತಿತ್ತು.

ಕೊನೆಗೆ ಹೆಂಡತಿಯೇ ಒಂದು ದಾರಿ ಹುಡುಕಿದಳು. ಬೀದಿ ಮೂಲೆಯ ಫೋಟೋ ಸ್ಟುಡಿಯೋದವರ ಫುಲ್ ಫ್ರೇಮನ್ನು ಒಂದು ಭಾನುವಾರಕ್ಕೆ ಕೇಳಿ ತರುವುದು, ಅತ್ತೆಯನ್ನು ಕೈಕಾಲು ಹಿಡಿದು ಕರೆಸಿ ಬಿಲ್ಡಿಂಗಿನ ತಾರಸಿಯಲ್ಲಿ ಮತ್ತೆ ಫೋಟೋ ತೆಗೆಯುವುದು. ಅತ್ತೆ ಪೂರ್ತಿ ಬಂದರೆ ಅಂಥದ್ದನ್ನೇ ಕೊಳ್ಳುವುದು.

ಭಾನುವಾರ ಬೆಳಿಗ್ಗೆ ಸ್ಟುಡಿಯೋದವರು ತಾವೇ ಕ್ಯಾಮೆರಾ ಹೊತ್ತು ತಂದರು. ಅದನ್ನು ಅವರು ಹಿಡಿದಿದ್ದ ರೀತಿ ನೋಡಿದರೆ ಆಗ ತಾನೇ ಹುಟ್ಟಿದ ಮಗು ಅನ್ನಬೇಕು. ಭಾವಮೈದನ ಸಂಸಾರ ಬಂತು. ಕರೆಯದಿದ್ದರೂ ಏಜೆಂಟರು ಬಂದರು. ಸೋದರತ್ತೆಯೂ ಅದೇ ಕೈಚೀಲ, ಅದೇ ಊದಿದ ಮುಖದೊಂದಿಗೆ ಬಂದು ಅಂಚಿನಲ್ಲಿ ನಿಂತರು.

"ಅತ್ತೆ, ನಡುವೆ ಬನ್ನಿ."

"ಬೇಡಪ್ಪ, ನನ್ನ ಜಾಗ ಎಲ್ಲಿ ಅಂತ ಹೋದ ಸಲವೇ ತೋರಿಸಿದೀರಲ್ಲ."

ಗುಮಾಸ್ತರ ಮುಖದಲ್ಲಿ ನೀರಿಳಿಯಿತು. ಕಿಂಡಿಗೆ ಕಣ್ಣಿಟ್ಟು ಮೊದಲು ಅತ್ತೆಯನ್ನು ನೋಡಿದರು. ಕಾಲಿನ ಚಪ್ಪಲಿ ಸಮೇತ ಪೂರ್ತಿ ಇದ್ದಾರೆ. ಉಳಿದವರನ್ನೂ ನೋಡಿದರು. "ರೆಡಿ... ಒಂದು, ಎರಡು..." ಕ್ಲಿಕ್.

ಎಲ್ಲರೂ ಕ್ಯಾಮೆರಾದ ಪರದೆಗೆ ಮುಗಿಬಿದ್ದರು. ಭಾವಮೈದ ಇದ್ದ, ಅವನ ಹೆಂಡತಿ ಇದ್ದಳು, ಹಿಂದಿನ ನೀರಿನ ಟ್ಯಾಂಕು ಕೂಡ ಲಕ್ಷಣವಾಗಿತ್ತು. ಅಂಚಿನಲ್ಲಿ ಒಂದು ಮೊಣಕೈ.

"ಇನ್ನೊಂದು ತೆಗೀರಿ!" ಹೆಂಡತಿ ಹಲ್ಲು ಕಚ್ಚಿ ಹೇಳಿದಳು.

ಎರಡನೆಯದರಲ್ಲಿ ಮೊಣಕೈಯೂ ಇಲ್ಲ. ಭಾವಮೈದನ ಹೆಗಲ ಹಿಂದೆ ಒಂದಿಷ್ಟು ತಲೆಗೂದಲು ಮಾತ್ರ.

"ಆಯ್ತಲ್ಲಪ್ಪ, ಮೊಣಕೈನೂ ಹೋಯ್ತು" ಎಂದು ಸೋದರತ್ತೆ ಕುರ್ಚಿಯಲ್ಲಿ ಕುಸಿದರು.

ಏಜೆಂಟರು ಸ್ಟುಡಿಯೋದವರ ಕಡೆ ತಿರುಗಿದರು.

"ಹಾಗಾದ್ರೆ ನಿಮ್ಮದೂ ಕತ್ತರಿಸೋ ಕ್ಯಾಮೆರಾನೇ! ನಾನೂ ಯೋಚನೆ ಮಾಡ್ತಿದ್ದೆ, ನೀವು ತೆಗೆದ ಪಾಸ್‌ಪೋರ್ಟ್ ಫೋಟೋದಲ್ಲಿ ನಂಗೆ ಒಂದೇ ಕಿವಿ ಯಾಕೆ ಅಂತ."

"ಸ್ವಾಮೀ, ನೀವು ಅವತ್ತು ಪಕ್ಕಕ್ಕೆ ತಿರುಗಿ ಫೋನಲ್ಲಿ ಮಾತಾಡ್ತಿದ್ರಿ!"

"ಅದೆಲ್ಲ ಬೇಡ. ಡಬ್ಬಾ ಕ್ಯಾಮೆರಾ ಇಟ್ಕೊಂಡು ಅಂಗಡಿ ನಡೆಸ್ತಿದೀರಿ. ನಾಳೆಯಿಂದ ನಮ್ಮ ಬಿಲ್ಡಿಂಗಿನವರು ಒಬ್ರೂ ನಿಮ್ಮ ಹತ್ರ ಬರದ ಹಾಗೆ ನೋಡ್ಕೋತೀನಿ."

"ಇಷ್ಟು ವರ್ಷದಲ್ಲಿ ಯಾರೂ ನಂಗೆ ಹೀಗಂದಿಲ್ಲ" ಎಂದು ಸ್ಟುಡಿಯೋದವರು ಕ್ಯಾಮೆರಾವನ್ನು ಬಟ್ಟೆಯಲ್ಲಿ ಸುತ್ತತೊಡಗಿದರು. ಟ್ರೈಪಾಡಿನ ಮೂರು ಕಾಲುಗಳನ್ನು ಮಡಚುತ್ತಿದ್ದ ಗುಮಾಸ್ತರು ಅರ್ಧಕ್ಕೇ ಬಿಟ್ಟು ತಲೆಯೆತ್ತಿದರು. ತನ್ನ ಒಂದು ಆಸೆಗೆ ಇನ್ನೊಬ್ಬರ ಅನ್ನಕ್ಕೆ ಕಲ್ಲು ಬೀಳುವುದೇ?

"ಅವರ ಕ್ಯಾಮೆರಾ ಸರಿಯಾಗಿದೆ" ಎಂದರು ಗುಮಾಸ್ತರು. ಧ್ವನಿ ಯಾರದೋ ಅನ್ನುವ ಹಾಗಿತ್ತು. "ನಂದೂ ಸರಿಯಾಗಿದೆ. ಯಾವ ಕ್ಯಾಮೆರಾನೂ ಯಾರನ್ನೂ ಕತ್ತರಿಸಲ್ಲ. ನಾನೇ ಸರಿಯಾಗಿ ನೋಡಲಿಲ್ಲ. ಹೊಸದು ಬೇಕು ಅನ್ನೋ ಆಸೆಗೆ ಸುಳ್ಳು ಹೇಳ್ದೆ."

ನೆಲ ಬಾಯಿ ಬಿಟ್ಟಿದ್ದರೆ ಗುಮಾಸ್ತರು ಟ್ರೈಪಾಡಿನ ಸಮೇತ ಇಳಿದುಹೋಗುತ್ತಿದ್ದರು. ಹೆಂಡತಿ ಸೆರಗು ಕೊಡವಿಕೊಂಡು ಕೆಳಗೆ ಹೋದಳು; ಬೈದಿದ್ದರೆ ಎಷ್ಟೋ ವಾಸಿಯಿತ್ತು. "ನಂಗೆ ಮೊದಲೇ ಅನುಮಾನ ಇತ್ತು" ಎಂದ ಏಜೆಂಟರು ಸುದ್ದಿ ಹಂಚಲು ಮೆಟ್ಟಿಲಿಳಿದರು. ಒಬ್ಬೊಬ್ಬರಾಗಿ ಎಲ್ಲರೂ ಹೋದರು. ಸೋದರತ್ತೆ ಮಾತ್ರ ಕುರ್ಚಿ ಬಿಟ್ಟೇಳಲಿಲ್ಲ.

ಗುಮಾಸ್ತರು ತಲೆ ತಗ್ಗಿಸಿ ಹತ್ತಿರ ಹೋದರು. "ಅತ್ತೆ, ದೊಡ್ಡ ತಪ್ಪಾಯ್ತು. ನಿಮ್ಮನ್ನ ಮರೆತೆ ಅಂತಲ್ಲ..."

"ಶ್! ಮೆಲ್ಲಗೆ." ಅತ್ತೆ ಮೆಟ್ಟಿಲ ಕಡೆ ಇಣುಕಿ ನೋಡಿದರು. "ಎಂಥ ಕೆಲಸ ಮಾಡಿದ್ರಿ ಅಳಿಯಂದ್ರೇ! ಯಾರು ಒಪ್ಕೊಳ್ಳಿ ಅಂದ್ರು ನಿಮಗೆ? ಜಾರ್ಕೊಂಡಿದ್ದು ನಾನೇ ಕಣ್ರೀ!"

"ನೀವೇ?"

"ಕ್ಲಿಕ್ ಅನ್ನೋ ಹೊತ್ತಿಗೆ ನನ್ನ ಕಣ್ಣು ಮುಚ್ಚಿಹೋಗುತ್ತೆ. ಹುಟ್ಟಿದಾಗಿನಿಂದ ಹಾಗೇ. ನನ್ನ ಮದುವೆ ಫೋಟೋದಲ್ಲೂ ಗಂಡನ ಪಕ್ಕ ನಿದ್ದೆ ಹೊಡೀತಿರೋ ಹಾಗಿದೀನಿ, ಇವತ್ತಿಗೂ ನಗ್ತಾರೆ. ಅದಕ್ಕೇ ಎರಡು ಅನ್ನುವಾಗಲೇ ಪಕ್ಕಕ್ಕೆ ಸರಿದುಬಿಡ್ತೀನಿ. ಆಮೇಲೆ ಸಿಟ್ಟು ಮಾಡ್ಕೊಂಡ್ರೆ ಯಾರಿಗೂ ಅನುಮಾನ ಬರಲ್ಲ. ನೀವು ತಪ್ಪನ್ನ ಕ್ಯಾಮೆರಾ ಮೇಲೆ ಹಾಕಿದಾಗ, ಎಂಥ ಜಾಣ ಅಳಿಯ ಅಂದ್ಕೊಂಡಿದ್ದೆ!"

ಗುಮಾಸ್ತರಿಗೆ ಹೋದ ಜೀವ ಬಂದಂತಾಯಿತು. "ಹಾಗಾದ್ರೆ ಕೆಳಗೆ ಬಂದು ಇದನ್ನೇ ಹೇಳಿ ಅತ್ತೆ, ನಿಮ್ಮ ಕಾಲಿಗೆ ಬೀಳ್ತೀನಿ."

"ನಾನು ಹೇಳೋದಾ? ಚೆನ್ನಾಗಿದೆ! ನೀವೂ ಬಾಯಿ ಬಿಟ್ರೆ ನನ್ನಾಣೆ."

ಅಷ್ಟರಲ್ಲಿ ಮೆಟ್ಟಿಲ ಮೇಲೆ ಹೆಜ್ಜೆ ಸದ್ದಾಯಿತು. ಅತ್ತೆಯ ಮುಖ ಒಂದೇ ಉಸಿರಿಗೆ ಬಲೂನಿನಂತೆ ಊದಿಕೊಂಡಿತು. ಹೆಂಡತಿಯೂ ಸ್ಟುಡಿಯೋದವರೂ ಮೇಲೆ ಬಂದರು.

"ಅಮ್ಮಾ, ನನ್ನ ಮಾನ ಉಳಿಸಿದೋರು ಇವರು" ಎಂದು ಸ್ಟುಡಿಯೋದವರು ಗುಮಾಸ್ತರನ್ನು ತೋರಿಸಿ ಸೋದರತ್ತೆಗೆ ಹೇಳಿದರು. "ನಂದೊಂದು ಹಳೇ ಫುಲ್ ಫ್ರೇಮ್ ಇದೆ, ಸುಮ್ಮನೆ ಕೂತಿದೆ. ಇವತ್ತೇ ಕಳಿಸಿಕೊಡ್ತೀನಿ, ಇವರೇ ಇಟ್ಕೊಳ್ಳಲಿ."

ಹೆಂಡತಿ ಕರಗಿದಂತೆ ಕಂಡಳು.

"ಏನು ಹೇಳ್ತೀರಿ ಅತ್ತೆ?" ಎಂದು ಹೆಂಡತಿ ಕೇಳಿದಳು.

ಸೋದರತ್ತೆ ಎದ್ದು ನಿಂತು, ಕೈಚೀಲವನ್ನು ಮೊಣಕೈಗೆ ಸಿಕ್ಕಿಸಿಕೊಂಡು, ನ್ಯಾಯಾಧೀಶರ ಗತ್ತಿನಲ್ಲಿ ತೀರ್ಪು ಕೊಟ್ಟರು.

"ಬೇಡ ಅನ್ನಲ್ಲ, ತಗೊಳ್ಳಲಿ. ಆದ್ರೆ ಮೊದಲು ಈಗಿರೋ ತಮ್ಮ ಕ್ಯಾಮೆರಾದಲ್ಲೇ ಕೈ ಕುದುರಲಿ. ನಾನು ಪೂರ್ತಿ ಬರೋ ಹಾಗೆ ಒಂದೇ ಒಂದು ಫೋಟೋ ತೆಗೀಲಿ ಸಾಕು. ಅವತ್ತೇ ತರಲಿ."

"ನ್ಯಾಯವಾದ ಮಾತು" ಎಂದಳು ಹೆಂಡತಿ.

ಸ್ಟುಡಿಯೋದವರು ಗುಮಾಸ್ತರ ಬೆನ್ನು ತಟ್ಟಿದರು. "ಎಷ್ಟು ಸುಲಭ ಮಾಡಿಕೊಟ್ರು ನೋಡಿ! ಒಂದೇ ಒಂದು ಫೋಟೋ!"